ನಾಲ್ಕು ರೊಟ್ಟಿ ಬೇಯುವಷ್ಟು ಹೊತ್ತು

ಮೇಷ್ಟ್ರೇ,

ತುಮಕೂರಿನ ಉಪ್ಪಾರಹಳ್ಳಿಯಿಂದ ನಿಮ್ಮ ಸುಮಿತ್ರ ಮಾಡುವ ನಮಸ್ಕಾರ. ಇತ್ತ ಕಡೆ ಎಲ್ಲ ಕ್ಷೇಮ, ಅತ್ತ ಕಡೆಯ ಕ್ಷೇಮಕ್ಕೆ ಬರೆಯಿರಿ ಎಂದು ಕಾಗದ ಶುರು ಮಾಡಬೇಕು ಅಂತ ನಿಟ್ಟೂರು ಹೈಸ್ಕೂಲಿನಲ್ಲಿ ನೀವೇ ಹೇಳಿಕೊಟ್ಟಿದ್ದು, ಕನ್ನಡ ಮೇಷ್ಟ್ರು ರಜೆ ಹಾಕಿದ್ದ ಒಂದು ದಿನ. ಅತ್ತ ಕಡೆ ಅಂದರೆ ಯಾವ ಕಡೆ ಸಾರ್ ಎಂದು ಕೇಳಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಿರಿ. ನೋಡಿ, ಆ ಪ್ರಶ್ನೆಗೆ ಈಗ ಅರ್ಥ ಬಂದಿದೆ. ನೀವು ಹೋಗಿ ಒಂದು ವರ್ಷ, ಒಂದು ವಾರ ಆಯಿತು. ಕಳೆದ ವಾರ ನಿಮ್ಮ ಮನೆಯಲ್ಲಿ ನಡೆದದ್ದನ್ನು ನಿಮಗೆ ತಿಳಿಸಬೇಕೆಂದು ಕೂತಿದ್ದೇನೆ. ನಿಮಗೆ ಅದು ಗೊತ್ತೇ ಇಲ್ಲದಿರಬಹುದು. ನನಗಿಂತ ಚೆನ್ನಾಗಿ ಗೊತ್ತಿರಲೂಬಹುದು. ಯಾವುದು ನಿಜ ಎಂದು ತಿಳಿಯದೆ ಒಂದು ವಾರದಿಂದ ನನಗೆ ನಿದ್ದೆ ಸರಿಯಾಗಿಲ್ಲ.

ಗುಬ್ಬಿ ಸಂತೆಯ ಗುಜರಿಯವನಿಂದ ಆ ತಗಡಿನ ಪೆಟ್ಟಿಗೆ ತಂದ ದಿನ ನೆನಪಿದೆಯಾ? ನಾನಾಗ ಎಸ್ಸೆಸ್ಸೆಲ್ಸಿ. ಹಾರ್ಮೋನಿಯಂ ರೀಡುಗಳಿವೆ ಎಂದು ನೀವು ಕೊಂಡಿರಿ, ರೀಡುಗಳ ಕೆಳಗೆ ಬಟ್ಟೆಯ ರಟ್ಟು ಹಾಕಿದ ಮೂರು ಪುಸ್ತಕ ಸಿಕ್ಕವು. ಒಳಗೆಲ್ಲ ಐದೈದು ಗೆರೆ ಎಳೆದು, ಆ ಗೆರೆಗಳ ಮೇಲೆ ಕೈಯಲ್ಲೇ ಬರೆದ ಇಂಗ್ಲಿಷ್ ಸಂಗೀತ. ಗುಬ್ಬಿಯಲ್ಲಿ ಅದನ್ನು ಓದಬಲ್ಲವರು ನೀವೊಬ್ಬರೇ ಇದ್ದಿರಿ, ಹರೆಯದಲ್ಲಿ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವಾಗ ಯಾರೋ ಪಾದ್ರಿಗಳ ಹತ್ತಿರ ಕಲಿತಿದ್ದಿರಿ. ಒಳರಟ್ಟಿನಲ್ಲಿ ಹಾಡು ಕಟ್ಟಿದವನ ಹೆಸರು, ನಾನೂರು ವರ್ಷದ ಹಿಂದೆ ಲಂಡನ್ನಿನ ಅರಮನೆಯಲ್ಲಿ ಹಾಡಿಕೊಂಡಿದ್ದವನೆಂಬ ಎರಡು ಸಾಲು, ಆಮೇಲೆ ಒಂದು, ಎರಡು, ಮೂರು ಎಂಬ ಅಂಕಿ. ಆ ಹೆಸರಿಗೆ ನಮ್ಮ ನಾಲಿಗೆ ಹೊರಳಲಿಲ್ಲ. ಲಂಡನ್ನಜ್ಜ ಅಂದಿರಿ. ಅದೇ ನಿಂತಿತು.

ಅಂಕಿ ನೋಡಿ ಒಂದನೇ ಹಾಡು, ಎರಡನೇ ಹಾಡು, ಮೂರನೇ ಹಾಡು ಎಂದು ನೀವು ತಿಳಿದದ್ದರಲ್ಲಿ ತಪ್ಪೇನಿತ್ತು? ನಮ್ಮಲ್ಲಿ ಒಂದು ಹಾಡಿಗೆ ಒಂದೇ ಧಾಟಿ. ಬ್ಯಾಂಡಿನಲ್ಲಿ ಹತ್ತು ಜನ ಊದಿದರೂ ಹತ್ತು ಜನ ಊದುವುದು ಅದನ್ನೇ. ಮಾತಿಲ್ಲದ ಹಾಡಾದ್ದರಿಂದ ಸರಿಗಮದಲ್ಲಿ ಹಾಡಬಹುದೆಂದು ಒಂದನೆಯದನ್ನು ನನಗೆ ಕಲಿಸಿದಿರಿ, ಅದು ಕುಣಿಯುವ ಧಾಟಿ. ಮೂರನೆಯದು ಕೆಳಗೆಲ್ಲೋ ಎಗರೆಗರಿ ಬೀಳುವಂಥದ್ದು. ಕುಂಟು ಹಾಡು ಎಂದು ಹೆಸರಿಟ್ಟು, ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಗಂಗಾಧರಣ್ಣನಿಗೆ ಕೊಟ್ಟಿರಿ. ಅವನು ಕುಣಿಗಲ್ಲಿನ ಕುದುರೆ ಫಾರ್ಮಿಗೆ ಸೇರಿದ ಮೇಲೂ ಶನಿವಾರ ಗುಬ್ಬಿಯ ನಿಮ್ಮ ಮನೆಗೆ ಬರುವುದನ್ನು ತಪ್ಪಿಸಲಿಲ್ಲ. ಎರಡನೆಯದನ್ನು ನೀವೇ ಇಟ್ಟುಕೊಂಡಿರಿ. ಅದರಲ್ಲಿ ಇದ್ದದ್ದೇ ನಾಲ್ಕಾರು ಉದ್ದ ಸ್ವರ. "ಇದು ಹಾಡಲ್ಲ ಕಣಮ್ಮ, ಯಾರೋ ಕಾಯ್ತಾ ನಿಂತವ್ನೆ ಅನ್ಸುತ್ತೆ" ಅಂದಿದ್ದಿರಿ. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅದನ್ನೇ ಹಿಡಿದುಕೊಳ್ಳುತ್ತಿದ್ದಿರಿ. ಮೂವತ್ತು ವರ್ಷ ಶನಿವಾರ ಶನಿವಾರ ನಾನು ಒಂದು ಹಾಡುವುದು, ನೀವು ಎರಡು, ಗಂಗಾಧರಣ್ಣ ಮೂರು. ಒಬ್ಬರಾದ ಮೇಲೆ ಒಬ್ಬರು. ನಿಮ್ಮ ಸರದಿ ಬಂದಾಗ ನಿಮ್ಮ ಮನೆಯ ಅಮ್ಮನಿಗೆ ಸಹಾಯ ಮಾಡುವ ನೆಪದಲ್ಲಿ ನಾನು ಅಡುಗೆಮನೆಗೆ ಹೋಗುತ್ತಿದ್ದೆ, ಗಂಗಾಧರಣ್ಣ ಬೀಡಿಗೆಂದು ಹೊರಗೆ ಹೋಗುತ್ತಿದ್ದ. ನಿಜ ಹೇಳುತ್ತೇನೆ, ನಮಗೆ ಅದು ಬೇಜಾರು.

ಆ ಕೊನೆಯ ಶನಿವಾರ ನಾನು ಫೋನು ಹಿಡಿದುಕೊಂಡು ಕುಣಿಯುತ್ತ ಬಂದೆನಲ್ಲ, ಅದನ್ನು ಮರೆಯೋಣವೆಂದರೂ ಆಗುವುದಿಲ್ಲ. ಹಿಂದಿನ ದಿನ ಒಂದು ವಿಡಿಯೊ ನೋಡಿದ್ದೆ. ಲಂಡನ್ನಜ್ಜನ ಕಾಲದ ಸಂಗೀತವನ್ನು ಇಂಗ್ಲಿಷಿನವರು ಮೇಜಿನ ಸುತ್ತ ಕೂತು ಹಾಡುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪುಸ್ತಕ, ಒಬ್ಬೊಬ್ಬರದೂ ಬೇರೆ ಧಾಟಿ, ಎಲ್ಲರೂ ಒಟ್ಟಿಗೆ. ನೋಡಿದ ತಕ್ಷಣ ಎದ್ದು ನನ್ನ ಪುಸ್ತಕ ತೆಗೆದೆ. ನಮ್ಮವು ಮೂರು ಹಾಡಲ್ಲ, ಒಂದೇ ಹಾಡು! ಅದನ್ನು ಮೆಲ್ಲಗೆ ಹೇಳಬಹುದಿತ್ತು. ನನ್ನ ಬಾಯಿ ನಿಮಗೆ ಗೊತ್ತಲ್ಲ. ಗಂಗಾಧರಣ್ಣನ ಎದುರಿಗೆ, ಅಮ್ಮನ ಎದುರಿಗೆ, ಮೂವತ್ತು ವರ್ಷ ಒಂದೇ ಎತ್ತಿನ ತಲೆ, ಹೊಟ್ಟೆ, ಬಾಲ ಹಿಡಿದುಕೊಂಡು ಮೂರು ಎತ್ತು ಅಂದುಕೊಂಡಿದ್ದೆವು ಎಂದು ನಕ್ಕೆ. ನಕ್ಕಿದ್ದು ಸಾಲದು ಎಂಬಂತೆ, ನೀವು ಮಸಿಯ ಕಲೆ ಎಂದು ಬಿಟ್ಟಿದ್ದ ಆ ಸಣ್ಣ ಗುರುತುಗಳು ಸುಮ್ಮನಿರುವ ಗುರುತುಗಳೆಂದೂ, ಇಷ್ಟು ಎಣಿಕೆ ಸುಮ್ಮನಿದ್ದು ಆಮೇಲೆ ಸೇರಬೇಕೆಂದೂ, ನೀವು ಅಷ್ಟನ್ನೂ ನುಂಗಿ ಹಾಡಿದ್ದೀರೆಂದೂ ತೋರಿಸಿದೆ.

ನಿಮ್ಮ ಮುಖ ಸಣ್ಣದಾಯಿತು. "ಹಾಡಕ್ಕೆ ಅಂತ ಕೂತ್ಮೇಲೆ ಸುಮ್ನಿರೋದು ಎಂಥ ಹಾಡಮ್ಮ" ಅಂದಿರಿ. ನಾನು ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ.

"ನಿಮಗೆ ಸುಮ್ನಿರಕ್ಕೆ ಬರಲ್ಲ ಬಿಡಿ ಮೇಷ್ಟ್ರೇ. ಈ ಜನ್ಮದಲ್ಲಿ ಬರಲ್ಲ" ಅಂದೆ.

ನೀವು ಎರಡನೇ ಪುಸ್ತಕ ಮಡಿಚಿ ಪೂಜೆಯ ಕೋಣೆಗೆ ಹೋದಿರಿ. ಆಮೇಲೆ ನಿಮ್ಮ ದನಿಯನ್ನು ನಾನು ಕೇಳಲಿಲ್ಲ. ಕಳೆದ ವಾರದವರೆಗೆ, ಎಂದು ಬರೆಯಬಹುದೋ ಏನೋ...

ಅಲ್ಲಿಂದ ನಲವತ್ತು ದಿನ ನಾನು ನಿಮ್ಮ ಬೀದಿಗೆ ಬರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ನನ್ನ ಟೈಪಿಂಗ್ ಮೇಜಿನಿಂದ ನಿಮ್ಮ ಮನೆಗೆ ಹತ್ತು ನಿಮಿಷ. ದಿನಾ ತುಮಕೂರಿನಿಂದ ಬಂದು ಗುಬ್ಬಿಯಲ್ಲಿ ಇಳಿಯುತ್ತಿದ್ದೆ, ದಿನಾ ವಾಪಸ್ ಹತ್ತುತ್ತಿದ್ದೆ. ಅವರೇ ಕರೆಯಲಿ ಎಂಬ ಹಟ. ಹಿರಿಯರು ಕರೆಯಬೇಕಾ, ಕಿರಿಯರು ಹೋಗಬೇಕಾ? ಗಂಗಾಧರಣ್ಣನೂ ಬರುವುದನ್ನು ನಿಲ್ಲಿಸಿದ್ದ, ಸುಮಿತ್ರಮ್ಮ ಬರದ ಮೇಲೆ ಏನು ಎಂದು. ಹೀಗೆ ಮೂರು ಪುಸ್ತಕ ಮೂರು ಊರಿನಲ್ಲಿ ಉಳಿದವು.

ನೀವು ಹೋದಿರೆಂದು ಸುದ್ದಿ ಬಂದು ನಾನು ಓಡಿ ಬರುವಾಗ ನಿಮ್ಮನ್ನು ಕೂರಿಸಿದ್ದರು, ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ, ಬಾಯಿ ಒಂಚೂರು ತೆರೆದಿತ್ತು. ಸತ್ತವರ ಮುಖ ನೋಡಿದ್ದೇನೆ, ಅವು ಮುಗಿದ ಮುಖಗಳು. ನಿಮ್ಮದು ಹಾಗಿರಲಿಲ್ಲ. ಉಸಿರು ತೆಗೆದುಕೊಂಡು ಇನ್ನೇನು ಶುರು ಮಾಡುತ್ತಾರೆ ಅನ್ನುವ ಹಾಗಿತ್ತು. ರುದ್ರಭೂಮಿಯಲ್ಲಿ ಬಿಲ್ವಪತ್ರೆ, ವಿಭೂತಿ ಹಾಕಿ ಮಣ್ಣು ಮುಚ್ಚುವಾಗಲೂ ನನಗೆ ಇವರು ತಡೆಯಬೇಕು, ಸ್ವಲ್ಪ ತಡೆಯಬೇಕು ಅನ್ನಿಸುತ್ತಿತ್ತು. ಯಾರಿಗೆ ಹೇಳಲಿ? ಹೆಂಗಸರನ್ನು ದೂರ ನಿಲ್ಲಿಸಿದ್ದರು.

ಹದಿಮೂರು ದಿನ ಕಳೆದ ಮೇಲೆ ಒಂದು ನಿರ್ಧಾರ ಮಾಡಿದೆ. ವರ್ಷದ ಸ್ಮರಣೆಗೆ ಆ ಹಾಡನ್ನು ಒಂದೇ ಒಂದು ಸಲ ಇಡಿಯಾಗಿ ಹಾಡಬೇಕು, ಮೂರೂ ಧಾಟಿ ಒಟ್ಟಿಗೆ. ಆಡಿದ ಮಾತಿಗೆ ಬೇರೆ ಯಾವ ಪ್ರಾಯಶ್ಚಿತ್ತವೂ ನನಗೆ ಹೊಳೆಯಲಿಲ್ಲ. ಗಂಗಾಧರಣ್ಣ ಒಪ್ಪಿದ. ಆದರೆ ಎರಡನೇ ಪುಸ್ತಕ ಪೂಜೆಯ ಕೋಣೆಯಲ್ಲಿ ಎಲ್ಲೂ ಕಾಣಲಿಲ್ಲ, ಅಮ್ಮನನ್ನು ಕೇಳುವ ಮುಖ ನನಗಿರಲಿಲ್ಲ. ಆಗ ಕೇಳಿ ಕಲಿಯದೆ ಅಡುಗೆಮನೆಗೆ ಓಡಿದವಳಿಗೆ ಈಗ ಅದರ ಎರಡು ಸಾಲೂ ನೆನಪಿಗೆ ಬರಲೊಲ್ಲದು.

ಆ ದಿನಗಳಲ್ಲೇ ಲಂಡನ್ನಜ್ಜನ ಕಾಲದವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಕಚೇರಿಯಲ್ಲೇ. ಅವರಲ್ಲಿ ಕೆಲವರು ರಾಜ್ಯದಲ್ಲಿ ನಿಷೇಧವಾಗಿದ್ದ ತಮ್ಮ ಹಳೆಯ ಪೂಜೆಗೆಂದು, ಬಾಗಿಲು ಹಾಕಿಕೊಂಡು ಮೆಲ್ಲಗೆ ಹಾಡುವಂಥದ್ದನ್ನು ಬರೆದರಂತೆ. ಅಂಥ ಪುಸ್ತಕಗಳ ಎಷ್ಟೋ ಕಟ್ಟುಗಳಲ್ಲಿ ಒಂದು ಪುಸ್ತಕ ಕಳೆದುಹೋಗಿ, ಉಳಿದ ಧಾಟಿಗಳು ಇವತ್ತಿಗೂ ನಡುವೆ ಬಿರುಕು ಬಿಟ್ಟುಕೊಂಡೇ ಇವೆಯಂತೆ. ಇನ್ನೊಂದನ್ನು ಎರಡೆರಡು ಸಲ ಓದಿದೆ ಮೇಷ್ಟ್ರೇ. ಅವರಲ್ಲಿ ಒಂದು ಪದ್ಧತಿ. ತಮಗಿಂತ ಹಿಂದಿನವರ ಹಳೆಯ ಧಾಟಿಯೊಂದನ್ನು ತೆಗೆದುಕೊಂಡು, ಅದನ್ನು ಉದ್ದುದ್ದ ಸ್ವರಗಳಲ್ಲಿ ಒಂದು ಕಂಠಕ್ಕೆ ಕೊಟ್ಟು, ಅದರ ಸುತ್ತ ತಮ್ಮದನ್ನು ಹೆಣೆಯುವುದು. ನಡುವೆ ಸತ್ತವರದು, ಸುತ್ತ ಬದುಕಿರುವವರದು. ಯಾರೋ ಕಾಯುತ್ತ ನಿಂತಿದ್ದಾರೆ ಎಂದು ನೀವು ಹೇಳಿದ್ದು ಯಾರನ್ನು ನೋಡಿ? ಅಂಥ ಹಳೆಯ ಧಾಟಿ ಒಂದನ್ನು ಹುಡುಕಿ ನಮ್ಮ ಎರಡರ ನಡುವೆ ಇಟ್ಟು ನೋಡಿದೆ. ಕೂರಲಿಲ್ಲ. ನಮ್ಮದು ಬೇರೆಯದೇ ಇತ್ತು, ನಿಮ್ಮ ಪುಸ್ತಕದಲ್ಲಿ ಮಾತ್ರ ಇತ್ತು.

ನಾನು ಉಪ್ಪಾರಹಳ್ಳಿಯಲ್ಲಿ, ಗಂಗಾಧರಣ್ಣ ಕುಣಿಗಲ್ಲಿನಲ್ಲಿ, ಫೋನಿನಲ್ಲೇ ನಮ್ಮಿಬ್ಬರ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಅವನು ಕುದುರೆಗಳಿಗೆ ಮೇವು ಹಾಕಿ ಮುಗಿಸಿದ ಮೇಲೆ. ನಡುವಿನದು ಇಲ್ಲದೆ ಎರಡು ಧಾಟಿಯೂ ಅನಾಥವಾಗಿ ಕೇಳುತ್ತಿದ್ದವು. ಹತ್ತು ಹನ್ನೆರಡು ದಿನ ಆದ ಮೇಲೆ ಅವನು ಒಂದು ಮಾತು ಹೇಳಿದ. "ಸುಮಿತ್ರಮ್ಮ, ನಾವು ಹಾಡ್ವಾಗ ಒಂದು ಜಾಗದಲ್ಲಿ ಕುದ್ರೆಗಳು ಕಿವಿ ನೆಟ್ಟಗೆ ಮಾಡ್ತವೆ. ದಿನಾ ಅದೇ ಜಾಗ. ನನ್ ಕಡೆ ನೋಡಲ್ಲ, ನನ್ ಪಕ್ಕಕ್ಕೆ ನೋಡ್ತವೆ." ನಾನು ಬೈದೆ. ಬೈದು ಫೋನಿಟ್ಟು, ಒಬ್ಬಳೇ ನನ್ನ ಧಾಟಿ ಹಾಡಿಕೊಂಡು ಅದೇ ಜಾಗಕ್ಕೆ ಬಂದೆ. ಅಲ್ಲಿ ನನಗೂ ಎರಡು ಎಣಿಕೆ ಸುಮ್ಮನಿರುವ ಗುರುತಿದೆ. ಸುಮ್ಮನಾದೆ. ನನ್ನ ಹಿಂದೆ ಯಾರೋ ಮೂಗಿನಿಂದ ಉದ್ದಕ್ಕೆ ಉಸಿರು ತೆಗೆದುಕೊಂಡರು. ಹಾಡುವವರು ಹಾಡಿಗೆ ಮೊದಲು ತೆಗೆದುಕೊಳ್ಳುವ ಉಸಿರು. ನೀವು ಕ್ಲಾರಿಯೊನೆಟ್ ಊದಿದವರು, ನಿಮ್ಮ ಉಸಿರು ನನಗೆ ಗೊತ್ತಾಗುವುದಿಲ್ಲವೇ? ತಿರುಗಿ ನೋಡುವ ಧೈರ್ಯ ಬರಲಿಲ್ಲ. ಎದ್ದು ಸೀದಾ ಬೀದಿಗೆ ಬಂದು, ತರಕಾರಿ ಗಾಡಿಯವನ ಹತ್ತಿರ ಬೇಡದ ಬೀನ್ಸು ಕೊಂಡೆ.

ಮಾರನೇ ದಿನವೇ ಕಚೇರಿಗೆ ಅರ್ಧ ದಿನ ರಜೆ ಹಾಕಿ ಅಮ್ಮನ ಹತ್ತಿರ ಹೋದೆ. ಅವರ ತಂಗಿ ಈಗ ಅಲ್ಲೇ ಬಂದು ಇದ್ದಾರೆ, ಇಬ್ಬರೂ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಪುಸ್ತಕ ಏನಾಯಿತಮ್ಮ ಎಂದು ಕೇಳಿದೆ.

"ಅದಾ? ಅವರ ಜೊತೇಲೇ ಇಟ್ಬುಟ್ಟೆ ಕಣೇ" ಅಂದರು, ಕಾಯಿಂದ ಕಣ್ಣೆತ್ತದೆ. "ದಿನಾ ಪೂಜೇಲಿ ಹಿಡ್ಕೊಂಡು ಕೂರ್ತಿದ್ರಲ್ಲ. ದೇವರ ಪುಸ್ತಕ ಅಂತಾನೇ ನಾನು ತಿಳ್ಕೊಂಡಿದ್ದು. ಗುಣೀಲಿ ಕೂರಿಸ್ದಾಗ ತೊಡೆ ಮೇಲೆ ಇಡಿ ಅಂತ ಅಯ್ನೋರ ಕೈಲಿ ಕೊಟ್ಟೆ."

ಅಮ್ಮನಿಗೆ ಇಂಗ್ಲಿಷ್ ಬಾರದು, ಸಂಗೀತ ಬಾರದು. ಮೂವತ್ತು ವರ್ಷ ಗಂಡ ಲಿಂಗದ ಮುಂದೆ ತೆರೆದಿಟ್ಟುಕೊಂಡ ಪುಸ್ತಕ ದೇವರದಲ್ಲದೆ ಇನ್ನೇನು? ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನಡುವಿನ ಧಾಟಿ ಗುಬ್ಬಿಯ ಮಣ್ಣಿನ ಕೆಳಗೆ ನಿಮ್ಮ ತೊಡೆಯ ಮೇಲೆ ತೆರೆದುಕೊಂಡು ಕೂತಿದೆ ಎಂದು ಯೋಚಿಸುತ್ತ ಕೂತೆ. ನನ್ನ ಮುಖ ನೋಡಿ ಅಮ್ಮ, ಆ ಹಾಡು ಬೇಕಾಗಿತ್ತೇ ನಿನಗೆ, ನನಗೆ ಬರುತ್ತಲ್ಲ ಅಂದರು. ಎಷ್ಟು ಸಲೀಸಾಗಿ ಅಂದರು! ಮೂವತ್ತು ವರ್ಷ ಗೋಡೆಯ ಆಚೆಯಿಂದ ಕೇಳಿದವರಿಗೆ ಬರದೆ ಇರುತ್ತದೆಯೇ? ಅವರೆಕಾಯಿ ಬಿಡಿಸುತ್ತಲೇ ಹಾಡಿದರು. ಸಣ್ಣ ದನಿ, ಆದರೆ ಒಂದು ಸ್ವರವೂ ಆಚೀಚೆ ಇಲ್ಲ. ಹಾಡುತ್ತ ಹಾಡುತ್ತ ನಿಲ್ಲಿಸಿದರು. ಮರೆತಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದರು. ಮತ್ತೆ ನಿಂತರು.

ಅದೇಕೆ ನಿಲ್ಲಿಸುತ್ತೀರಿ ಅಂದೆ. ಆಗ ತಿಳಿದದ್ದನ್ನು ಬರೆಯಲು ಈಗಲೂ ಕೈ ಬರುತ್ತಿಲ್ಲ. ನಾನು ಹಾಗೆ ಅಂದು ಹೋದ ಮಾರನೇ ದಿನದಿಂದ ನೀವು ಪೂಜೆಯಲ್ಲಿ ಹಾಡುತ್ತ ಹಾಡುತ್ತ ಸುಮ್ಮನಾಗುತ್ತಿದ್ದಿರಂತೆ. ಮೊದಲ ದಿನ ಅಮ್ಮ ಹೆದರಿ ಓಡಿ ಬಂದರೆ, ನೀವು ಇರು ಎಂದು ಕೈ ಎತ್ತಿ ತೋರಿಸಿದಿರಂತೆ. ದಿನಾ ಮೊದಲಿನಿಂದ ಶುರು, ದಿನಾ ಇನ್ನಷ್ಟು ಮುಂದಕ್ಕೆ. ಬರಬರುತ್ತ ಅಮ್ಮನಿಗೆ ಆ ಮೌನಗಳ ಅಳತೆಯೂ ಗೊತ್ತಾಯಿತು. ಇದು ರೊಟ್ಟಿ ಮಗುಚುವಷ್ಟು, ಇದು ಒಂದು ರೊಟ್ಟಿ ಬೇಯುವಷ್ಟು. ನಾನು ಈ ಜನ್ಮದಲ್ಲಿ ಬರುವುದಿಲ್ಲ ಅಂದದ್ದನ್ನು ನೀವು ನಲವತ್ತು ದಿನ ಕೂತು ಕಲಿಯುತ್ತಿದ್ದಿರಿ, ಮತ್ತು ನಾನು ಹತ್ತು ನಿಮಿಷದ ದೂರದಲ್ಲಿ...

"ಕೊನೇ ದಿನ ಒಂದು ಹೊಸಾ ಜಾಗಕ್ಕೆ ಬಂದ್ರು" ಅಂದರು ಅಮ್ಮ. "ಅಲ್ಲೀಗಂಟ ಯಾವತ್ತೂ ಬಂದಿರ್ಲಿಲ್ಲ. ಸುಮ್ನಾದ್ರು. ಕೈ ಎತ್ತಿ ಇರು ಅಂತಾರಲ್ಲ, ಸುಮ್ನೆ ಯಾಕೆ ಹೋಗಿ ನೋಡ್ಲಿ ಅಂತ ನಾನು ಕಾಯ್ತಾನೇ ಇದ್ದೆ. ನಾಲ್ಕು ರೊಟ್ಟಿ ಬೆಂದ್ವು ಕಣೇ ಸುಮಿತ್ರ. ಅವರು ಶುರು ಮಾಡ್ಲಿಲ್ಲ."

ನಾನು ಅತ್ತೆ ಮೇಷ್ಟ್ರೇ. ಅವರೆಕಾಯಿಯ ಸಿಪ್ಪೆಯ ರಾಶಿಯ ಮುಂದೆ ಕೂತು ಮಕ್ಕಳ ಹಾಗೆ ಅತ್ತೆ. ನಿಮ್ಮನ್ನು ಆ ಮೌನಕ್ಕೆ ಕಳಿಸಿದವಳು ನಾನೇ ಅಲ್ಲವೇ? ನೀವು ಆಗ ಎಣಿಸುತ್ತಿದ್ದಿರಾ? ಎಣಿಕೆ ಮುಗಿಯುವ ಮೊದಲೇ... ಅದೊಂದು ನನಗೆ ತಿಳಿಯಬೇಕಿತ್ತು. ಅಮ್ಮನನ್ನು ಕೇಳಿದರೆ, ನೋವಿನ ಮುಖ ಇರಲಿಲ್ಲ ಕಣೇ ಎಂದಷ್ಟೇ ಅಂದರು.

ಅಲ್ಲಿಂದ ಮುಂದೆ ಶನಿವಾರಗಳು ಮತ್ತೆ ಶುರುವಾದವು. ಗಂಗಾಧರಣ್ಣ ಕುಣಿಗಲ್ಲಿನಿಂದ ಮೊದಲ ಬಸ್ಸಿಗೆ ಬರುತ್ತಿದ್ದ. ನಾನು ಶುರು ಮಾಡುವುದು, ಹನ್ನೆರಡು ಎಣಿಕೆ ಆದ ಮೇಲೆ ಅಮ್ಮ ಸೇರುವುದು, ಆಮೇಲೆ ಅವನು. ಮೊದಲ ಸಲ ಮೂರೂ ಸೇರಿದಾಗ ಗಂಗಾಧರಣ್ಣ ಹಾಡು ನಿಲ್ಲಿಸಿ ಕಣ್ಣೊರೆಸಿಕೊಂಡ. ಕುಂಟು ಹಾಡು ಕುಂಟುತ್ತಿರಲಿಲ್ಲ, ನಡುವಿನ ಧಾಟಿಯ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಿತ್ತು. ಆದರೆ ಆ ದೊಡ್ಡ ಮೌನದ ಜಾಗ ಬಂದಾಗ ಅಮ್ಮ ನಿಲ್ಲುತ್ತಿದ್ದರು. ನಿಂತವರು ಮತ್ತೆ ಶುರು ಮಾಡುತ್ತಿರಲಿಲ್ಲ. ಮುಂದಿನ ಸ್ವರಗಳು ಅವರಿಗೆ ಗೊತ್ತು, ಹಳೆಯ ಕಾಲದಿಂದ ಕೇಳಿದ್ದಾರೆ. ಎಷ್ಟು ಹೊತ್ತಿನ ಮೇಲೆ ಎಂಬುದು ಗೊತ್ತಿಲ್ಲ. ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ನಾನು ಊಹಿಸಿ ಹತ್ತು ಎಣಿಕೆ ಅಂದೆ, ಹದಿನಾರು ಅಂದೆ, ಇಪ್ಪತ್ತು ಅಂದೆ. ಎಲ್ಲಿ ಹಾಡಿಸಿದರೂ ಕಲ್ಲು ಸಿಕ್ಕಿದ ಅನ್ನದ ಹಾಗೆ ಹಲ್ಲಿಗೆ ಸಿಗುತ್ತಿತ್ತು. ಕೊನೆಗೆ ಅಮ್ಮನೇ, ಅಲ್ಲಿ ನನಗೆ ಕಾಯುವುದು ಅಷ್ಟೇ ಗೊತ್ತು, ಬಲವಂತ ಮಾಡಬೇಡ ಅಂದುಬಿಟ್ಟರು. ಅಲ್ಲಿಂದ ಕೊನೆಯವರೆಗೂ ನಾವಿಬ್ಬರೇ ಅನಾಥರ ಹಾಗೆ ಹಾಡಿ ಮುಗಿಸುತ್ತಿದ್ದೆವು.

ಕಳೆದ ವಾರ ನಿಮ್ಮ ವರ್ಷದ ದಿನ. ಅಯ್ಯನವರು ಬಂದು ಪೂಜೆ ಮುಗಿಸಿ ಹೋದರು, ನೆಂಟರು ಹೊರಗೆ ಪ್ರಸಾದಕ್ಕೆ ಎಲೆ ಹಾಕುತ್ತಿದ್ದರು. ನಾವು ಮೂವರು ಪೂಜೆಯ ಕೋಣೆಯಲ್ಲಿ ಕೂತೆವು. ನಿಮ್ಮ ಮಣೆಯನ್ನು ಅಮ್ಮ ಹಾಗೇ ಖಾಲಿ ಬಿಟ್ಟಿದ್ದರು. ಬೆಳಿಗ್ಗೆ ಎಂಟೂವರೆ, ಕಿಟಕಿಯಿಂದ ಒಳ್ಳೆಯ ಬಿಸಿಲು ಬೀಳುತ್ತಿತ್ತು, ಹೆದರುವಂಥ ಹೊತ್ತೇ ಅಲ್ಲ. ನಾನು ಶುರು ಮಾಡಿದೆ. ಹನ್ನೆರಡು ಎಣಿಕೆಗೆ ಅಮ್ಮ ಸೇರಿದರು, ಆಮೇಲೆ ಗಂಗಾಧರಣ್ಣ ಸೇರಿದ. ಆ ಜಾಗ ಬಂತು. ಅಮ್ಮ ನಿಂತರು. ನಾನು ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ, ಒಳಗೇ ಎಣಿಸುತ್ತ ಹಾಡುತ್ತಿದ್ದೆ. ಹತ್ತು ಆಯಿತು. ಇಪ್ಪತ್ತು ಆಯಿತು. ಮೂವತ್ತು ದಾಟಿತು. ನನಗೆ ಎರಡು ಎಣಿಕೆ ಸುಮ್ಮನಿರುವ ಗುರುತು ಬಂತು. ಅದೇ ಜಾಗ ಮೇಷ್ಟ್ರೇ, ಕುದುರೆಗಳು ಕಿವಿ ನೆಟ್ಟಗೆ ಮಾಡುವ ಜಾಗ. ಉಸಿರು ತೆಗೆದುಕೊಂಡ ಸದ್ದು ಕೇಳಿತು.

ಆಮೇಲೆ ನಡುವಿನ ಧಾಟಿ ಶುರುವಾಯಿತು.

ನಾನು ಯಾವತ್ತೂ ಊಹಿಸದ ಜಾಗ ಅದು. ನಾನೇ ಸುಮ್ಮನಿರುವಾಗ ಯಾರು ಬರುತ್ತಾರೆ ಎಂದು ಅದನ್ನು ಬಿಟ್ಟೇ ಬಿಟ್ಟಿದ್ದೆ. ಬಾಗಿಲಿಗೆ ಚಿಲಕ ಬಿದ್ದ ಹಾಗೆ ಕೂತಿತು. ಮೊದಲ ಎರಡು ಸ್ವರ ತಗ್ಗಿನ ದನಿ, ಮೂರನೆಯ ಸ್ವರದಿಂದ ಅಮ್ಮನ ಸಣ್ಣ ದನಿಯೂ ಅದರ ಮೇಲೆ. ಕೊನೆಯವರೆಗೂ ಒಂದು ಎಣಿಕೆ ತಪ್ಪಲಿಲ್ಲ. ಮೂರೂ ಧಾಟಿ ಒಂದು ಕಡೆ ಬಂದು ನಿಂತವು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಹಾಡು ಮುಗಿಯಿತು.

ಗಂಗಾಧರಣ್ಣನ ಕಡೆ ನೋಡಿದೆ. ಆ ಎರಡು ಸ್ವರ ನಾನು ಹಾಡಿದೆ ಎಂದು ಅವನು ತಿಳಿದಿದ್ದ, ಅವನು ಹಾಡಿದ ಎಂದು ನಾನು. ಅವನು ತನ್ನ ಪುಸ್ತಕದ ಹಾಳೆಗಳನ್ನು ಮತ್ತೆ ಮತ್ತೆ ತಿರುವುತ್ತಿದ್ದ. ಅಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, ಹೊರಗೆ ಎಲೆ ಹಾಕಿದ್ದಾರೆ ಬನ್ನಿ ಎಂದು ಎದ್ದರು. ನಾನು ಅವರ ಕೈ ಹಿಡಿದು, ಯಾವಾಗ ಸೇರಬೇಕೆಂದು ಹೇಗೆ ಗೊತ್ತಾಯಿತಮ್ಮ ಅಂದೆ. ನನ್ನನ್ನೇ ವಿಚಿತ್ರವಾಗಿ ನೋಡಿದರು.

"ನಂಗೇನು ಗೊತ್ತು? ನಾನು ಕಾಯ್ತಿದ್ದೆ. ಅವರು ಶುರು ಮಾಡಿದ್ರಲ್ಲ, ಆಮೇಲೆ ನಾನೂ ಸೇರ್ಕೊಂಡೆ."

ಇಷ್ಟೇ ಸಮಾಚಾರ. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ, ಈ ಕಾಗದವನ್ನೂ ಬಾಗಿಲು ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಆದರೆ ಹೆದರಿಕೆಗಿಂತ ದೊಡ್ಡದೊಂದು ಇದೆ. ನಿಮಗೆ ಸುಮ್ಮನಿರಲು ಬರುವುದಿಲ್ಲ ಎಂದಿದ್ದೆ. ಒಂದು ವರ್ಷ ಸುಮ್ಮನಿದ್ದು ಸರಿಯಾದ ಎಣಿಕೆಗೆ ಬಂದಿರಿ. ತಪ್ಪಾಯಿತು ಮೇಷ್ಟ್ರೇ. ಬೆಂಚಿನ ಮೇಲೆ ನಿಲ್ಲಿಸಿ.

ಬರುವ ಶನಿವಾರ ಬೆಳಿಗ್ಗೆ ನಾವು ಮೂವರೂ ಪೂಜೆಯ ಕೋಣೆಯಲ್ಲಿ ಕೂರುತ್ತೇವೆ, ನಿಮ್ಮ ಮಣೆ ಅಲ್ಲೇ ಇರುತ್ತದೆ. ಮೊದಲ ಹನ್ನೆರಡು ಎಣಿಕೆ ನನ್ನದು. ಆಮೇಲೆ ನೀವು.

ನಿಮ್ಮ
ಸುಮಿತ್ರ